ಆರನೆಯ ಪರೀಕ್ಷೆಯ ಬೆಲೆ

ಅಕ್ಕಿಯಲ್ಲಿ ಕಲ್ಲು ಆರಿಸುವ ಗೃಹಿಣಿಗೆ ಒಂದು ಲೆಕ್ಕ ತಾನಾಗಿಯೇ ತಿಳಿದಿರುತ್ತದೆ. ಮೊದಲ ಸಲ ಮೊರದಲ್ಲಿ ಹರಡಿ ನೋಡಿದಾಗ ಬಹುಪಾಲು ಕಲ್ಲು ಸಿಕ್ಕುತ್ತದೆ. ಎರಡನೆಯ ಸಲ ಉಳಿದ ಒಂದೆರಡು. ಆರನೆಯ ಸಲ ಕುಳಿತರೆ ಕಣ್ಣು ನೋಯುವುದೇ ಹೊರತು ಕಲ್ಲು ಸಿಕ್ಕದು. ಈ ವಿವೇಕವನ್ನೇ 1975ರಲ್ಲಿ ಡಂಕನ್ ನ್ಯೂಹೌಸರ್ ಮತ್ತು ಆನ್ ಲೆವಿಕ್ಕಿ ಎಂಬಿಬ್ಬರು ಅಮೆರಿಕದ ವೈದ್ಯಲೋಕದ ಮುಂದೆ ಅಂಕಿಗಳಲ್ಲಿ ಇಟ್ಟರು.

ದೊಡ್ಡ ಕರುಳಿನ ಕ್ಯಾನ್ಸರ್ ಮೊದಮೊದಲು ನೋವಿಲ್ಲದೆ ಬೆಳೆಯುವ ರೋಗ. ಆದರೂ ಗಂಟಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಒಸರಿ ಮಲದೊಡನೆ ಬೆರೆಯುವುದುಂಟು. ಗ್ವಾಯಕ್ ಎಂಬ ಮರದ ಅಂಟನ್ನು ಹೀರಿದ ಕಾಗದಕ್ಕೆ ಮಲದ ಮಾದರಿಯನ್ನು ಸವರಿ, ಹೈಡ್ರೊಜನ್ ಪೆರಾಕ್ಸೈಡಿನ ಹನಿ ಬಿಟ್ಟರೆ, ರಕ್ತವಿದ್ದಲ್ಲಿ ಅದು ನೀಲಿಯಾಗುತ್ತದೆ. ಮೂಗು ಮುರಿಯುವ ವಿಷಯವೇನೋ ಹೌದು. ಆದರೆ ಅಷ್ಟು ಅಗ್ಗದ ಪರೀಕ್ಷೆ ದುರ್ಲಭ. ಒಂದೇ ಸಲದಲ್ಲಿ ರೋಗ ತಪ್ಪಿಸಿಕೊಂಡೀತೆಂಬ ಶಂಕೆಯಿಂದ, ಪರೀಕ್ಷೆಯನ್ನು ಆರು ಸಲ ಮಾಡಬೇಕೆಂದು ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಸಲಹೆ ಮಾಡಿತ್ತು.

ನ್ಯೂಹೌಸರ್ ಮತ್ತು ಲೆವಿಕ್ಕಿ 10,000 ಮಂದಿಯನ್ನೂ ಅವರಲ್ಲಿ 72 ರೋಗಿಗಳನ್ನೂ ಕಲ್ಪಿಸಿಕೊಂಡರು. ಮೊದಲನೆಯ ಪರೀಕ್ಷೆಗೆ 4 ಡಾಲರ್, ಅನಂತರದ ಪ್ರತಿಯೊಂದಕ್ಕೂ 1 ಡಾಲರ್. ನೀಲಿ ಕಂಡವರಿಗೆ 100 ಡಾಲರಿನ ಬೇರಿಯಂ ಎಕ್ಸ್‌ರೇ. ಒಂದೇ ಪರೀಕ್ಷೆಗೆ ಸುಮಾರು 66 ರೋಗಿಗಳು ಸಿಕ್ಕರು. ಎರಡಕ್ಕೆ 71ಕ್ಕೂ ಮಿಕ್ಕು. ಆರನೆಯದು ಹೊಸದಾಗಿ ಹಿಡಿದದ್ದು ಒಬ್ಬ ರೋಗಿಯ ಹತ್ತು ಸಾವಿರ ಪಾಲುಗಳಲ್ಲಿ ಮೂರು ಪಾಲನ್ನು! ಆರೂ ಪರೀಕ್ಷೆಗಳ ಖರ್ಚನ್ನು ಸರಾಸರಿ ಹಂಚಿದರೆ ತಲಾ ರೋಗಿಗೆ 2,451 ಡಾಲರ್, ಯಾರೂ ಬೆಚ್ಚಬೇಕಾಗಿಲ್ಲ. ಆರನೆಯದೊಂದರಿಂದಲೇ ಇನ್ನೊಬ್ಬ ರೋಗಿಯನ್ನು ಹಿಡಿಯಬೇಕಾದರೆ ತಗಲುವುದು 4 ಕೋಟಿ 71 ಲಕ್ಷ ಡಾಲರ್.

ಆ 10,000 ಮಂದಿಯ ಆರನೆಯ ಸರದಿಗೆ ವ್ಯಯವಾಗುವ ಹಣ 13,190 ಡಾಲರ್. ಅದೇ ದರದಲ್ಲಿ, ಎಂದೂ ಪರೀಕ್ಷೆಯನ್ನೇ ಕಾಣದ ಬೇರೆ 1,700 ಮಂದಿಗೆ ಮೊದಲನೆಯ ಪರೀಕ್ಷೆಯನ್ನು ಅದರಿಂದ ಮಾಡಿಸಬಹುದು. ಸುಮಾರು ಹನ್ನೊಂದು ರೋಗಿಗಳು ಬೆಳಕಿಗೆ ಬರುತ್ತಾರೆ. ಕಂಡರಿಯದ ಆ ಹನ್ನೊಂದು ಮಂದಿಯ ಪರವಾಗಿ ಸರಾಸರಿಯ ಅಂಕಿ ಮಾತನಾಡುವುದಿಲ್ಲ.

ಈ ಲೆಕ್ಕಕ್ಕೂ ಟೀಕೆ ತಪ್ಪಲಿಲ್ಲ. ಪ್ರತಿಯೊಂದು ಪರೀಕ್ಷೆಯೂ ಹನ್ನೆರಡು ರೋಗಿಗಳಲ್ಲಿ ಹನ್ನೊಂದು ಮಂದಿಯನ್ನು ಹಿಡಿಯುತ್ತದೆಂದೂ, ಹಿಂದಿನದು ಬಿಟ್ಟವರನ್ನು ಮುಂದಿನದು ಅದೇ ಪ್ರಮಾಣದಲ್ಲಿ ಹಿಡಿಯುತ್ತದೆಂದೂ ಅವರು ಭಾವಿಸಿದ್ದರು. ರಕ್ತವನ್ನೇ ಒಸರದ ಗಂಟು ಆರಲ್ಲ, ಅರವತ್ತು ಪರೀಕ್ಷೆಗೂ ಸಿಕ್ಕದು. ಆಕ್ಷೇಪ ನ್ಯಾಯವಾದುದೇ, ಆದರೆ ಸರಾಸರಿಯ ಮರೆಯಲ್ಲಿ ಕೊನೆಯ ಹೆಜ್ಜೆಯ ಬೆಲೆ ಅಡಗಿರುತ್ತದೆಂಬ ಮೂಲ ಮಾತು ಅದರಿಂದ ಅಳಿಯಲಿಲ್ಲ.

ಮನುಷ್ಯರಕ್ತವನ್ನೇ ಗುರುತಿಸುವ ಹೊಸ ಪರೀಕ್ಷೆ 2019ರಿಂದ ಇಂಗ್ಲೆಂಡಿನಲ್ಲಿ ಗ್ವಾಯಕ್ ಕಾಗದದ ಸ್ಥಾನಕ್ಕೆ ಬಂದಿದೆ. ಅದಕ್ಕೆ ಬೇಕಾದುದು ಒಂದೇ ಮಾದರಿ; ಅದರ ಚಿಕ್ಕ ಸೀಸೆ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಮನೆಬಾಗಿಲಿಗೇ ಬರುತ್ತದೆ.