ಗಣಕಭಾಷೆಗಳಲ್ಲಿ ಕನ್ನಡದ ಅಕ್ಷರಗಣನೆ
(ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರುಗಳ ನಿದರ್ಶನದೊಡನೆ)

‘ಹುಣಸೂರು’ ಎಂಬ ಹೆಸರಿನಲ್ಲಿ ಅಕ್ಷರಗಳೆಷ್ಟು ಎಂದು ಕೇಳಿದರೆ ಪಾಠಶಾಲೆಯ ಬಾಲಕನೂ ನಾಲ್ಕೆಂದು ಹೇಳುವನು. ಅದೇ ಪ್ರಶ್ನೆಯನ್ನು ಸಿ ಭಾಷೆಯಲ್ಲಿ ಗಣಕಕ್ಕೆ ಹಾಕಿದರೆ ೨೧ ಎಂಬ ಉತ್ತರವು ಬರುವುದು. ರಸ್ಟ್ ಭಾಷೆಯಾದರೋ ಕೇಳಿದ ರೀತಿಗನುಸಾರವಾಗಿ ಒಮ್ಮೆ ೨೧ ಎಂದೂ ಮತ್ತೊಮ್ಮೆ ೭ ಎಂದೂ ಹೇಳುವುದು. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಯಾವ ಕಾರ್ಯಕ್ಕೆ ಯಾವ ಸಂಖ್ಯೆಯು ಸಲ್ಲತಕ್ಕದ್ದೆಂಬುದನ್ನು ಅರಿಯದೆ ಪ್ರೋಗ್ರಾಮು ಬರೆದಲ್ಲಿ, ಪಹಣಿಯಲ್ಲಾಗಲಿ ಮತದಾರರ ಪಟ್ಟಿಯಲ್ಲಾಗಲಿ ಊರಿನ ಹೆಸರು ಅಂಗಹೀನವಾಗುವುದು. ಇಲ್ಲವೆ ಇದ್ದೂ ಇಲ್ಲವೆನಿಸಿಕೊಳ್ಳುವುದು. ಆದಕಾರಣ ಈ ವಿಷಯವು ಗಣಕಶಾಸ್ತ್ರಜ್ಞರಿಗೆ ಮಾತ್ರವಲ್ಲದೆ ಭಾಷಾವಿದರಿಗೂ ವಿಚಾರಾರ್ಹವಾದುದು.

೧. ಮೂರು ಮಾನಗಳು

ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚೀ ಎಂಬಾತನು ೧೯೭೨ರ ಸುಮಾರಿನಲ್ಲಿ ರಚಿಸಿದ ಸಿ ಭಾಷೆಯೂ, ೨೦೧೫ರಲ್ಲಿ ಮೊದಲನೆಯ ಸ್ಥಿರರೂಪದಲ್ಲಿ ಹೊರಬಂದ ರಸ್ಟ್ ಭಾಷೆಯೂ ಗಣಕದ ಮೂಲವ್ಯವಸ್ಥೆಯನ್ನು ಕಟ್ಟತಕ್ಕ ಭಾಷೆಗಳು. ಇವುಗಳಲ್ಲಿ ಬರೆಯುವವನಿಗೆ ಗಣಕದ ಸ್ಮೃತಿಯೊಡನೆ ನೇರವಾದ ವ್ಯವಹಾರವುಂಟು. ಸ್ಮೃತಿಯಲ್ಲಿ ಬರೆಹವೆಂಬುದು ಬೈಟುಗಳ ಸಾಲು. ಒಂದೊಂದು ಬೈಟೂ ೦ ಮೊದಲ್ಗೊಂಡು ೨೫೫ರವರೆಗಿನ ಒಂದು ಸಂಖ್ಯೆ.

೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆಯಿತು. ಅಲ್ಲಿ ವ್ಯಂಜನಕ್ಕೊಂದು, ಗುಣಿತಚಿಹ್ನೆಗೊಂದು, ಹಲಂತಚಿಹ್ನೆಗೊಂದು ಎಂಬಂತೆ ಪ್ರತ್ಯೇಕ ಸಂಖ್ಯೆಗಳಿವೆ. ಈ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-೮ ಎಂಬ ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ೧೯೯೨ರಲ್ಲಿ ಕಲ್ಪಿಸಿದರು. ಅದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೇಕು. ಮೊದಲನೆಯದು ಯಾವಾಗಲೂ ೨೨೪, ಎರಡನೆಯದು ೧೭೮ ಅಥವಾ ೧೭೯, ಮೂರನೆಯದು ೧೨೮ರಿಂದ ೧೯೧ರೊಳಗಿನದು.

ಹೀಗೆ ಬೈಟು, ಚಿಹ್ನೆ, ಅಕ್ಷರ ಎಂದು ಮೂರು ಮಾನಗಳಾದುವು. ನಾಲ್ಕು ಹೆಸರುಗಳಲ್ಲಿ ಅವುಗಳ ಲೆಕ್ಕವು ಈ ರೀತಿ ಇರುವುದು:

ಹುಣಸೂರು: ಅಕ್ಷರ ೪, ಚಿಹ್ನೆ ೭, ಬೈಟು ೨೧.
ಪಿರಿಯಾಪಟ್ಟಣ: ಅಕ್ಷರ ೬, ಚಿಹ್ನೆ ೧೧, ಬೈಟು ೩೩.
ಕೃಷ್ಣರಾಜನಗರ: ಅಕ್ಷರ ೭, ಚಿಹ್ನೆ ೧೧, ಬೈಟು ೩೩.
ಹೆಗ್ಗಡದೇವನಕೋಟೆ: ಅಕ್ಷರ ೮, ಚಿಹ್ನೆ ೧೪, ಬೈಟು ೪೨.

ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿ ಚಿಹ್ನೆಗಳು ಸಮವಾಗಿದ್ದರೂ ಅಕ್ಷರಗಳು ಸಮವಲ್ಲವೆಂಬುದನ್ನು ಲಕ್ಷಿಸಬೇಕು. ಒಂದು ಮಾನದಿಂದ ಮತ್ತೊಂದನ್ನು ಭಾಗಾಕಾರಮಾತ್ರದಿಂದ ಪಡೆಯಲಾಗದು.

೨. ಹೆಸರನ್ನು ಕತ್ತರಿಸುವಿಕೆ

ಇಂಗ್ಲಿಷ್ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಊರಿನ ಹೆಸರಿಗೆ ೩೨ ಬೈಟುಗಳ ಸ್ಥಳವನ್ನು ಮೀಸಲಿಟ್ಟಿದೆಯೆಂದು ಭಾವಿಸೋಣ. ಸಿ ಭಾಷೆಯಲ್ಲಿ ಕೊನೆಯ ಒಂದು ಬೈಟು ಸಮಾಪ್ತಿಸೂಚಕವಾದ ಶೂನ್ಯಕ್ಕೆ ಸಲ್ಲುವುದರಿಂದ ಉಳಿದದ್ದು ೩೧. ನಾಲ್ಕು ಹೆಸರುಗಳಲ್ಲಿ ಹುಣಸೂರೊಂದೇ ಇದರಲ್ಲಿ ಹಿಡಿಸುವುದು. ಅಳತೆ ನೋಡದೆ ನಕಲುಮಾಡಿದರೆ ಮಿಕ್ಕ ಬೈಟುಗಳು ನೆರೆಯ ಸ್ಥಳವನ್ನು ಆಕ್ರಮಿಸಿ ಅಲ್ಲಿದ್ದುದನ್ನು ಕೆಡಿಸುವುವು. ಅಳತೆ ನೋಡಿ ನಕಲುಮಾಡುವ ಎಸ್‌ಎನ್‌ಪ್ರಿಂಟ್‌ಎಫ್ ಎಂಬ ಕ್ರಿಯೆಯನ್ನು ಬಳಸಿದರೆ ಈ ಅನರ್ಥವು ತಪ್ಪುವುದು; ಆದರೆ ಹತ್ತು ಚಿಹ್ನೆಗಳೂ ಹನ್ನೊಂದನೆಯದರ ಮೂರನೆಯ ಒಂದು ಭಾಗವೂ ಉಳಿಯುವುವು. ಆಗ ‘ಹೆಗ್ಗಡದೇವನಕೋಟೆ’ಯು ಕೋಟೆಯನ್ನು ಕಳೆದುಕೊಂಡು ‘ಹೆಗ್ಗಡದೇವನ’ ಎಂದಾಗಿ, ಅದರ ಹಿಂದೆ ಅರ್ಥವಿಲ್ಲದ ಒಂದು ಬೈಟು ನೇತಾಡುವುದು.

ರಸ್ಟ್ ಭಾಷೆಯಲ್ಲಿ ಈ ಅರ್ಧಚಿಹ್ನೆಗೆ ಅವಕಾಶವಿಲ್ಲ. ಚಿಹ್ನೆಯ ನಡುವೆ ಕತ್ತರಿಸಹೋದರೆ ಪ್ರೋಗ್ರಾಮು ಅಲ್ಲಿಯೇ ನಿಂತುಬಿಡುವುದು. ಇದು ಕಠಿನವೆನಿಸಿದರೂ ಹಿತಕರ. ತಪ್ಪು ಮರೆಯಾಗಿ ಪಟ್ಟಿಯೊಳಕ್ಕೆ ಸೇರುವುದಕ್ಕಿಂತ ಕಣ್ಣಿಗೆ ಬೀಳುವುದು ಮೇಲು.

ಪರಿಹಾರವು ಸುಲಭ. ಬಿಟ್ಟುಬಿಡಬೇಕಾದ ಮೊದಲನೆಯ ಬೈಟು ೧೨೮ರಿಂದ ೧೯೧ರೊಳಗಿದ್ದರೆ ಅದು ಚಿಹ್ನೆಯ ನಡುಭಾಗವೆಂದು ತಿಳಿದು ಒಂದೊಂದೇ ಹೆಜ್ಜೆ ಹಿಂದೆಗೆಯಬೇಕು. ಕನ್ನಡದಲ್ಲಿ ಎರಡು ಹೆಜ್ಜೆಗಳಿಗಿಂತ ಹೆಚ್ಚು ಬೇಕಾಗದು. ಸಿ ಭಾಷೆಯಲ್ಲಿ ಮತ್ತೊಂದು ಎಚ್ಚರವೂ ಅಗತ್ಯ: ಅನೇಕ ಯಂತ್ರಗಳಲ್ಲಿ ‘ಚಾರ್’ ಎಂಬ ಜಾತಿಯು ಋಣಸಂಖ್ಯೆಗಳನ್ನೂ ಒಳಗೊಳ್ಳುವುದರಿಂದ ೨೨೪ ಎಂಬುದು −೩೨ ಎಂದು ತೋರಿ ಹೋಲಿಕೆಯು ಕೆಡುವುದು. ಆದುದರಿಂದ ಋಣರಹಿತವಾದ ಜಾತಿಯನ್ನೇ ಬಳಸತಕ್ಕದ್ದು.

ಇಷ್ಟರಿಂದ ಚಿಹ್ನೆಯು ಉಳಿಯಿತೇ ಹೊರತು ಅಕ್ಷರವು ಉಳಿಯಲಿಲ್ಲ. ‘ಪಿರಿಯಾಪಟ್ಟಣ’ವನ್ನು ಒಂಬತ್ತು ಚಿಹ್ನೆಗಳಿಗೆ ನಿಲ್ಲಿಸಿದರೆ ‘ಪಿರಿಯಾಪಟ್’ ಎಂದಾಗುವುದು. ಎಂಟಕ್ಕೆ ನಿಲ್ಲಿಸಿದರೆ ‘ಪಿರಿಯಾಪಟ’. ಎಲ್ಲ ಚಿಹ್ನೆಗಳೂ ಪೂರ್ಣ. ಒತ್ತಕ್ಷರವು ಮಾತ್ರ ಭಿನ್ನ.

೩. ಅಕ್ಷರವನ್ನು ಎಣಿಸುವ ಸೂತ್ರ

ನಡುವೆ ಸ್ವರವಿಲ್ಲದೆ ಕೂಡಿದ ವ್ಯಂಜನಗಳಿಗೆ ಪಾಣಿನಿಯು ‘ಸಂಯೋಗ’ವೆಂಬ ಸಂಜ್ಞೆಯನ್ನು ವಿಧಿಸಿದ್ದಾನೆ. ಆ ಸಂಜ್ಞೆಯೇ ಇಲ್ಲಿ ದಾರಿತೋರುವುದು. ಸ್ವರಾಕ್ಷರವೂ, ಹಲಂತಚಿಹ್ನೆಯ ಒಡನೆಯೇ ಬರದ ವ್ಯಂಜನವೂ ಹೊಸ ಅಕ್ಷರವನ್ನು ಆರಂಭಿಸುವುವು. ಗುಣಿತಚಿಹ್ನೆ, ಅನುಸ್ವಾರ, ವಿಸರ್ಗ, ಹಲಂತಚಿಹ್ನೆಗಳೂ, ಹಲಂತವನ್ನು ಅನುಸರಿಸಿದ ವ್ಯಂಜನವೂ ಹಿಂದಿನದಕ್ಕೆ ಸೇರುವುವು. ‘ಕೃಷ್ಣ’ ಎಂಬಲ್ಲಿ ಕಕಾರ ಷಕಾರಗಳು ಎರಡು ಅಕ್ಷರಗಳನ್ನು ಆರಂಭಿಸುವುವು. ಣಕಾರವು ಹಲಂತದ ಬಳಿಕ ಬಂದುದರಿಂದ ಷಕಾರದೊಡನೆ ಕೂಡುವುದು. ಪ್ರೋಗ್ರಾಮಿನಲ್ಲಿ ಇದಕ್ಕೆ ಹತ್ತಿಪ್ಪತ್ತು ಸಾಲುಗಳು ಸಾಕು.

ಇದನ್ನು ಸ್ವತಂತ್ರವಾಗಿ ಬರೆಯುವ ಅಗತ್ಯವೇನೆಂದರೆ, ಯೂನಿಕೋಡಿನ ಸಾಮಾನ್ಯ ವಿಭಾಗಕ್ರಮವು ೨೦೨೩ರ ೧೫.೧ನೆಯ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಗಳ ಸಂಯುಕ್ತಾಕ್ಷರಗಳನ್ನು ಒಂದಾಗಿ ಹಿಡಿಯಿತಾದರೂ ಕನ್ನಡವನ್ನು ಆ ಪಂಕ್ತಿಗೆ ಸೇರಿಸಲಿಲ್ಲ. ಆ ಕ್ರಮದಂತೆ ‘ಟ್ಟ’ ಎಂಬುದು ಎರಡಾಗಿ ಪಿರಿಯಾಪಟ್ಟಣಕ್ಕೆ ಏಳು ಅಕ್ಷರಗಳಾಗುವುವು.

೪. ಹೆಸರುಗಳ ಹೋಲಿಕೆ

ಕಣ್ಣಿಗೆ ಒಂದೇ ಆದ ಎರಡು ಬರೆಹಗಳು ಯಂತ್ರಕ್ಕೆ ಬೇರೆಯಾಗಿರಬಹುದು. ಕನ್ನಡದ ೀ, ೇ, ೈ, ೊ, ೋ ಎಂಬ ಐದು ಗುಣಿತಚಿಹ್ನೆಗಳನ್ನು ಅಖಂಡವಾಗಿಯೂ ಬಿಡಿಸಿಯೂ ಬರೆಯುವ ಅವಕಾಶವು ಯೂನಿಕೋಡಿನಲ್ಲಿದೆ. ನಾಲ್ಕು ಹೆಸರುಗಳಲ್ಲಿ ಹೆಗ್ಗಡದೇವನಕೋಟೆಯೊಂದಕ್ಕೆ ಈ ತೊಡಕುಂಟು: ‘ದೇ’ ಎಂಬಲ್ಲಿಯ ಗುಣಿತವು ಎರಡಾಗಿಯೂ ‘ಕೋ’ ಎಂಬಲ್ಲಿಯದು ಮೂರಾಗಿಯೂ ಬಿಡುವುವಾದುದರಿಂದ ೧೪ ಚಿಹ್ನೆಗಳು ೧೭ ಆಗಿ, ೪೨ ಬೈಟುಗಳು ೫೧ ಆಗುವುವು. ಬೈಟುಗಳನ್ನಷ್ಟೇ ಹೋಲಿಸುವ ಸಿ, ರಸ್ಟ್ ಭಾಷೆಗಳು ಇವೆರಡನ್ನೂ ಬೇರೆ ಊರುಗಳೆಂದೇ ಬಗೆಯುವುವು. ಆದಕಾರಣ ಹೆಸರನ್ನು ಶೇಖರಿಸುವ ಮೊದಲೂ ಹುಡುಕುವ ಮೊದಲೂ ಎನ್‌ಎಫ್‌ಸಿ ಎಂಬ ಅಖಂಡರೂಪಕ್ಕೆ ತರತಕ್ಕದ್ದು. ಈ ಎರಡು ಭಾಷೆಗಳ ಮೂಲಭಂಡಾರದಲ್ಲಿ ಇದಕ್ಕೆ ಸಾಧನವಿಲ್ಲದಿರುವುದರಿಂದ ಹೊರಗಿನ ಭಂಡಾರವನ್ನು ಜೋಡಿಸಿಕೊಳ್ಳಬೇಕು.

‘ಪಿರಿಯಾಪಟ್ಟಣ’, ‘ಪೆರಿಯಾಪಟ್ಟಣ’ ಎಂಬ ಭೇದವು ಈ ಜಾತಿಯದಲ್ಲ. ಅದು ಬರೆಯುವವರ ರೂಢಿಭೇದ. ಅದನ್ನು ಯಾವ ರೂಪಾಂತರವೂ ಸರಿಪಡಿಸದು. ಪರ್ಯಾಯನಾಮಗಳ ಪಟ್ಟಿಯೊಂದನ್ನು ಮನುಷ್ಯನೇ ಸಿದ್ಧಪಡಿಸಬೇಕು.

೫. ಅನುಕ್ರಮ

ಬೈಟುಗಳ ಕ್ರಮದಂತೆ ಜೋಡಿಸಿದರೆ ಕೃಷ್ಣರಾಜನಗರ, ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಎಂದು ನಾಲ್ಕೂ ಅಕಾರಾದಿಯಲ್ಲಿ ಸರಿಯಾಗಿಯೇ ಬರುವುವು. ಇದನ್ನು ನಂಬಿ ಸುಮ್ಮನಿರಲಾಗದು. ವರ್ಣಮಾಲೆಯಲ್ಲಿ ಹಕಾರದ ಬಳಿಕ ಬರುವ ಳಕಾರವು ಯೂನಿಕೋಡಿನಲ್ಲಿ ಲಕಾರದ ಮಗ್ಗುಲಲ್ಲಿದೆ. ಹುಣಸೂರು ತಾಲ್ಲೂಕಿನ ‘ಬಿಳಿಕೆರೆ’ಯನ್ನು ‘ಬಿಸಿಲು’ ಎಂಬ ಶಬ್ದದೊಡನೆ ಜೋಡಿಸಿದರೆ, ವರ್ಣಮಾಲೆಯ ಕ್ರಮದಲ್ಲಿ ಹಿಂದೆ ಬರಬೇಕಾದ ಬಿಳಿಕೆರೆಯು ಮುಂದೆ ಬರುವುದು. ನಿಘಂಟಿನ ಕ್ರಮವು ಬೇಕಾದಲ್ಲಿ ಪ್ರತ್ಯೇಕ ಕ್ರಮಪಟ್ಟಿಯನ್ನೇ ಕೊಡಬೇಕು.

ಮೇಲಿನ ವಿಚಾರದಿಂದ ನಿಷ್ಪನ್ನವಾಗುವುದಿಷ್ಟು: ಸ್ಥಳವನ್ನು ಮೀಸಲಿಡುವಾಗ ಬೈಟನ್ನೂ, ಹೋಲಿಸುವಾಗ ಏಕರೂಪಕ್ಕೆ ತಂದ ಚಿಹ್ನೆಗಳನ್ನೂ, ಕತ್ತರಿಸುವಾಗಲೂ ಓದುವವನ ಕಣ್ಣಿಗೆ ತೋರಿಸುವಾಗಲೂ ಅಕ್ಷರವನ್ನೂ ಪ್ರಮಾಣವಾಗಿ ಹಿಡಿಯಬೇಕು. ಯಂತ್ರವು ಬೈಟನ್ನು ಮಾತ್ರ ಬಲ್ಲದು. ಅಕ್ಷರವೆಂದರೇನೆಂಬುದನ್ನು ಅದಕ್ಕೆ ಕಲಿಸುವ ಭಾರವು ಕನ್ನಡವನ್ನು ಬಲ್ಲವರ ಮೇಲೆಯೇ ಇರುವುದು.