ಕಟ್ ಇಲ್ಲದ 111 ನಿಮಿಷ

ರಾಣೆಬೆನ್ನೂರಿಗೆ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದ ನಮ್ಮ ಮನೆಗಳಲ್ಲಿ ಮೂರು ಭಾಷೆ ನಡೀತದೆ. ಮನೆಯೊಳಗೆ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು. ಓಣಿಯ ಉರ್ದು ಕೇಳಿ ಬೆಳೆದ ಮಕ್ಕಳಿಗೆ ಹಿಂದಿ ಧಾರಾವಾಹಿ ಕಷ್ಟ ಅನಿಸಲೇ ಇಲ್ಲ. ಸೋನಿ ಟಿವಿಯಲ್ಲಿ 1998ರಲ್ಲಿ ಶುರುವಾದ ಪತ್ತೇದಾರಿ ಧಾರಾವಾಹಿ 'ಸಿಐಡಿ' ಹಾಗೆಯೇ ನಮ್ಮಲ್ಲೂ ಮನೆಮಾತಾಯಿತು.

ಅದರ ಒಂದು ಕಂತಿನ ಕಥೆ ಇವತ್ತಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. 'ದಿ ಇನ್‌ಹೆರಿಟೆನ್ಸ್' ಹೆಸರಿನ ಆ ಕಂತು ಪ್ರಸಾರವಾದದ್ದು 2004ರ ನವೆಂಬರ್ 7ರ ಭಾನುವಾರ. ಅದು ರಮಝಾನಿನ ಕೊನೆಯ ಹತ್ತರ ದಿನಗಳು. ತರಾವೀಹ್, ಇಬಾದತ್ ನಡುವೆ ನಮ್ಮಲ್ಲಿ ಅದನ್ನು ನೋಡದೆ ಬಿಟ್ಟವರೇ ಹೆಚ್ಚಿರಬೇಕು. 111 ನಿಮಿಷದ ಆ ಕಂತನ್ನು ಅಕ್ಟೋಬರ್ 8ರಂದು ಎಲ್ಲೂ 'ಕಟ್' ಹೇಳದೆ ಒಂದೇ ಶಾಟ್‌ನಲ್ಲಿ ಚಿತ್ರೀಕರಿಸಿದ್ದರು. ಗಿನ್ನೆಸ್, ಲಿಮ್ಕಾ ದಾಖಲೆ ಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಇದರ ಕಷ್ಟ ಏನು ಅಂತ ಕೇಳಬಹುದು. ಸಾಮಾನ್ಯ ಕಂತನ್ನು ತುಂಡು ತುಂಡಾಗಿ ತೆಗೆದು ಆಮೇಲೆ ಜೋಡಿಸುತ್ತಾರೆ. ಮಾತು ತಪ್ಪಿದರೆ ಆ ತುಂಡನ್ನಷ್ಟೇ ಮತ್ತೆ ತೆಗೆದರಾಯಿತು. ಒಂದೇ ಶಾಟ್ ಅಂದರೆ ನೂರನೇ ನಿಮಿಷದಲ್ಲಿ ಒಬ್ಬ ತಡವರಿಸಿದರೂ ಮೊದಲಿನಿಂದ ಶುರು. ಕ್ಯಾಮೆರಾ ಕೋಣೆಯಿಂದ ಕೋಣೆಗೆ ನಡೆಯುವಾಗ ಲೈಟು, ಮೈಕು, ಕೆಲಸದವರು ಯಾರೂ ಕಾಣಬಾರದು. ನಟರಷ್ಟೇ ಭಾರ ಕ್ಯಾಮೆರಾ ಹೊತ್ತವನ ಮೇಲೂ ಇರುತ್ತದೆ.

ನಿರ್ಮಾಪಕ ಬಿ.ಪಿ. ಸಿಂಗ್ ಸ್ವತಃ ಕ್ಯಾಮೆರಾಮನ್ ಆಗಿ ದೂರದರ್ಶನದಲ್ಲಿ ದುಡಿದವರು. ಬಾಗಿಲು ಒಡೆಯುವ 'ದಯಾ' ದಯಾನಂದ ಶೆಟ್ಟಿ ನಮ್ಮ ಉಡುಪಿ ಕಡೆಯ ಮೂಲದವರು. ಡಿಸ್ಕಸ್ ಎಸೆತದಲ್ಲಿ ಹೆಸರು ಮಾಡಿದ್ದ ಅವರು ಕಾಲಿನ ಗಾಯದಿಂದ ಕ್ರೀಡೆ ಬಿಟ್ಟು ನಟನೆಗೆ ಬಂದರು.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ನಮ್ಮ ಹುಡುಗರಲ್ಲಿ ಮದುವೆ ವಿಡಿಯೋ ತೆಗೆಯುವವರು, ಎಡಿಟಿಂಗ್ ಕಲಿತವರು ಇದ್ದಾರೆ. 'ಅದೂ ಒಂದು ಕೆಲಸವಾ? ಅಂಗಡೀಲಿ ಕೂತ್ಕೋ' ಅನ್ನುವ ಮಾತು ಮನೆಯಲ್ಲೇ ಕೇಳಿಸುತ್ತದೆ. ಅಂಗಡಿ ನಮ್ಮ ಅನ್ನ, ಅದನ್ನು ಸಣ್ಣದು ಮಾಡೋದು ಬೇಡ. ಆದರೆ ಕ್ಯಾಮೆರಾ ನಮಗೇನೂ ದೂರದ್ದಲ್ಲ. ನಮ್ಮ ಭಾಷೆಯ ಮೊದಲ ಸಿನಿಮಾ 'ಬ್ಯಾರಿ'ಗೆ 2011ರ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರ ಪ್ರಶಸ್ತಿ ಸಿಕ್ಕಿದೆ. ಪರದೆಯ ಮೇಲೆ ಮುಖ ಕಾಣದೆಯೂ ಹಲಾಲಾಗಿ ದುಡಿದು, ಗೌರವದಿಂದ ಬದುಕಬಹುದಾದ ಕೆಲಸ ಇದು. ಕಲಿಯಲು ಹೊರಟ ಮಗನನ್ನಾಗಲಿ, ಮಗಳನ್ನಾಗಲಿ ತಡೆಯುವ ಮೊದಲು ಉಮ್ಮ, ಬಾಪ ಒಮ್ಮೆ ಕೂತು ಅವರ ಮಾತು ಕೇಳಲಿ.