ಸೇವಾ ನಿಯಮಗಳಲ್ಲಿ ಅಡಗಿದ್ದ ಅಸಮಾನತೆ: ಸಿ.ಬಿ. ಮುತ್ತಮ್ಮ ಪ್ರಕರಣದ ಒಂದು ಪರಿಶೀಲನೆ

ಸಾರ್ವಜನಿಕ ಸಂಸ್ಥೆಗಳಿಗೆ ಮಹಿಳೆಯರು ಸಲ್ಲಿಸಿದ ಕೊಡುಗೆಯನ್ನು ಸ್ಮರಿಸುವ ಬರಹಗಳಲ್ಲಿ ‘ಪ್ರಥಮ ಮಹಿಳೆ’ ಎಂಬ ವಿಶೇಷಣವು ಮತ್ತೆ ಮತ್ತೆ ಬಳಕೆಯಾಗುತ್ತದೆ. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಸಿ.ಬಿ. ಮುತ್ತಮ್ಮನವರ ಹೆಸರೂ ಈ ವಿಶೇಷಣದೊಂದಿಗೇ ಉಳಿದುಬಂದಿದೆ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಅವರು ಮುಂದೆ ಹಂಗೇರಿ, ಘಾನಾ ಮತ್ತು ನೆದರ್ಲೆಂಡ್ಸ್ ದೇಶಗಳಲ್ಲಿ ಭಾರತದ ಪ್ರತಿನಿಧಿಯಾಗಿ ಕಾರ್ಯನಿರ್ವಹಿಸಿದರು. ಆದರೆ ಅವರ ಸಾಧನೆಯ ಹೆಚ್ಚು ಮಹತ್ವದ ಭಾಗವಿರುವುದು ಈ ಪದವಿಗಳಲ್ಲಲ್ಲ, ತಾವು ಸೇವೆ ಸಲ್ಲಿಸುತ್ತಿದ್ದ ಇಲಾಖೆಯ ನಿಯಮಾವಳಿಯನ್ನೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಪ್ರಶ್ನಿಸಿದ ಕ್ರಮದಲ್ಲಿ. ಸನ್ಮಾನದ ಭಾಷೆಯಲ್ಲಿ ಈ ಅಂಶಕ್ಕೆ ದೊರೆತ ಸ್ಥಾನ ಅತ್ಯಲ್ಪ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 16ನೆಯ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಲಿಂಗಾಧಾರಿತ ತಾರತಮ್ಯವನ್ನು ಸ್ಪಷ್ಟವಾಗಿ ನಿಷೇಧಿಸಿತು. ಹೀಗಿದ್ದೂ, ಹನ್ನೊಂದು ವರ್ಷಗಳ ತರುವಾಯ, 1961ರಲ್ಲಿ ರೂಪುಗೊಂಡ ವಿದೇಶಾಂಗ ಸೇವೆಯ ನಡತೆ ಮತ್ತು ಶಿಸ್ತು ನಿಯಮಗಳ 8(2)ನೆಯ ಉಪನಿಯಮವು, ಮಹಿಳಾ ಅಧಿಕಾರಿಯು ವಿವಾಹವಾಗುವ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂದು ವಿಧಿಸಿತು. ವಿವಾಹಾನಂತರ ಆಕೆಯ ಕೌಟುಂಬಿಕ ಹೊಣೆಗಳು ಕರ್ತವ್ಯಕ್ಕೆ ಅಡ್ಡಿಯಾಗಬಹುದೆಂದು ಸರ್ಕಾರಕ್ಕೆ ಮನವರಿಕೆಯಾದಲ್ಲಿ ರಾಜೀನಾಮೆ ಕೇಳಲೂ ಅದರಲ್ಲಿ ಅವಕಾಶವಿತ್ತು. ಅದೇ ವರ್ಷದ ನೇಮಕಾತಿ ಹಾಗೂ ಬಡ್ತಿ ನಿಯಮಗಳ 18(4)ನೆಯ ಉಪನಿಯಮದ ಪ್ರಕಾರ ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕಗೊಳ್ಳುವ ಹಕ್ಕೇ ಇರಲಿಲ್ಲ. ಸಂವಿಧಾನದ ಅರಿವಿಲ್ಲದ ಕಾಲದ ಅವಶೇಷಗಳೆಂದು ಇವನ್ನು ಬದಿಗಿರಿಸಲಾಗದು. ಸಂವಿಧಾನವನ್ನು ಎದುರಿಗಿಟ್ಟುಕೊಂಡೇ ಬರೆದ ನಿಯಮಗಳಿವು.

ಸೇವೆಗೆ ಸೇರುವ ಹಂತದಲ್ಲಿಯೇ ತಮ್ಮನ್ನು ವಿಮುಖಗೊಳಿಸುವ ಪ್ರಯತ್ನ ನಡೆದುದನ್ನೂ, ವಿವಾಹವಾದರೆ ರಾಜೀನಾಮೆ ನೀಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕಾಗಿ ಬಂದುದನ್ನೂ ಮುತ್ತಮ್ಮನವರು ತಮ್ಮ ಅರ್ಜಿಯಲ್ಲಿ ನಿವೇದಿಸಿದ್ದರು. ಅವರು ಅವಿವಾಹಿತರಾಗಿಯೇ ಉಳಿದುದರಿಂದ ಈ ನಿಯಮಗಳು ಅವರ ಮೇಲೆ ನೇರವಾಗಿ ಪ್ರಯೋಗವಾಗುವ ಪ್ರಸಂಗವೇ ಒದಗಲಿಲ್ಲ. ಅವರಿಗೆ ತಪ್ಪಿದ್ದು ಬಡ್ತಿ. ತಮಗಿಂತ ಕಿರಿಯರು ಮೇಲಿನ ಶ್ರೇಣಿಗೆ ಹೋದಾಗ ತಮ್ಮನ್ನು ಅರ್ಹರಲ್ಲವೆಂದು ಬಿಟ್ಟುದಕ್ಕೂ ಮಹಿಳೆಯರ ಬಗೆಗೆ ನಿಯಮಾವಳಿಯಲ್ಲಿ ಮೂಡಿದ್ದ ಧೋರಣೆಗೂ ಸಂಬಂಧವಿದೆ ಎಂಬುದು ಅವರ ವಾದದ ತಿರುಳು. ಬಡ್ತಿಯ ಕಡತವನ್ನೂ ವಿವಾಹದ ನಿಯಮವನ್ನೂ ಒಟ್ಟಿಗಿಟ್ಟು ಓದಿದ ಈ ಕ್ರಮವೇ ಪ್ರಕರಣದ ವೈಶಿಷ್ಟ್ಯ.

1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ.ಎನ್. ಸಿಂಘಾಲ್ ಅವರಿದ್ದ ಪೀಠವು ತೀರ್ಪು ನೀಡಿತು. ಅರ್ಜಿ ವಜಾ ಆಯಿತೆಂಬುದು ಸಾಮಾನ್ಯವಾಗಿ ಮರೆತುಹೋಗುವ ಸಂಗತಿ. ಪ್ರಕರಣ ದಾಖಲಾದ ಬಳಿಕ ಸರ್ಕಾರವು ಅವರಿಗೆ ಬಡ್ತಿ ನೀಡಿತ್ತು; 18(4)ನೆಯ ಉಪನಿಯಮ 1973ರಲ್ಲಿಯೇ ರದ್ದಾಗಿತ್ತು; 8(2)ನ್ನು ಕೈಬಿಡುವುದಾಗಿ ನ್ಯಾಯಾಲಯಕ್ಕೆ ತಿಳಿಸಲಾಗಿತ್ತು. ಆದಕಾರಣ ರದ್ದುಪಡಿಸುವ ಔಪಚಾರಿಕ ಆದೇಶಕ್ಕೆ ಅವಕಾಶ ಉಳಿಯಲಿಲ್ಲ. ಆದಾಗ್ಯೂ ಪೀಠವು ಈ ನಿಯಮಗಳನ್ನು ಕಟುವಾದ ಮಾತುಗಳಲ್ಲಿ ಖಂಡಿಸಿತು. ಸಂಸಾರದ ಹೊಣೆ ಮಹಿಳೆಯ ಕರ್ತವ್ಯಕ್ಕೆ ತೊಡಕಾಗಬಹುದಾದರೆ ಪುರುಷನಿಗೂ ಅದು ತೊಡಕಾಗಬಹುದಲ್ಲವೇ ಎಂಬ ಸರಳ ತರ್ಕದ ಮುಂದೆ 8(2)ರ ಸಮರ್ಥನೆ ನಿಲ್ಲುವಂತಿರಲಿಲ್ಲ. ಕೆಲವು ತಿಂಗಳುಗಳ ಅಂತರದಲ್ಲಿ ಮುಂದೆ ಹೋದ ಕಿರಿಯರಿಗೆ ಹೋಲಿಸಿ ಅರ್ಜಿದಾರರ ಜ್ಯೇಷ್ಠತೆಯನ್ನು ಮರುಪರಿಶೀಲಿಸಬೇಕೆಂದೂ ಸರ್ಕಾರಕ್ಕೆ ನಿರ್ದೇಶನವಿತ್ತಿತು. ಆಡಳಿತ ಸೇವೆಯಲ್ಲಿ ಸಮಾನತೆಯ ಅಳತೆಗೋಲು ಅಂತಿಮವಾಗಿ ಜ್ಯೇಷ್ಠತಾ ಪಟ್ಟಿಯೇ ಆಗಿರುವುದರಿಂದ, ಈ ಕೊನೆಯ ಅಂಶವನ್ನು ಗೌಣವೆಂದು ಭಾವಿಸಲಾಗದು.

ತೀರ್ಪಿಗೆ ಇನ್ನೊಂದು ಮುಖವೂ ಇದೆ. ಎಲ್ಲ ಉದ್ಯೋಗಗಳಲ್ಲಿ, ಎಲ್ಲ ಸಂದರ್ಭಗಳಲ್ಲಿ ಸ್ತ್ರೀಪುರುಷರು ಸಮಾನರೆಂದು ಸಾರ್ವತ್ರಿಕವಾಗಿ ಹೇಳುತ್ತಿಲ್ಲವೆಂದು ಪೀಠವು ಎಚ್ಚರಿಕೆಯಿಂದ ನುಡಿದು, ಆಯಾ ಉದ್ಯೋಗದ ಅಗತ್ಯಗಳಿಗೆ ಎಡೆ ಬಿಟ್ಟಿತು. ಸಂಸ್ಥೆಗಳಿಗೆ ಇದು ದೊಡ್ಡ ರಿಯಾಯಿತಿಯೇ ಸರಿ. ಎರಡೇ ವರ್ಷಗಳಲ್ಲಿ, 1981ರ ಏರ್ ಇಂಡಿಯಾ ಪ್ರಕರಣದಲ್ಲಿ, ಗಗನಸಖಿಯರನ್ನು ಮೊದಲ ಗರ್ಭಧಾರಣೆಗೇ ಸೇವೆಯಿಂದ ಬಿಡಿಸುವ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತಾದರೂ, ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗೆ ವಿವಾಹವಾಗಬಾರದೆಂಬ ನಿರ್ಬಂಧವನ್ನು ಎತ್ತಿಹಿಡಿಯಿತು.

ಸಂಶೋಧಕರಿಗೆ ಈ ತೀರ್ಪಿನಿಂದ ಆಕರದ ಪ್ರಯೋಜನವೂ ಉಂಟು. ರದ್ದಾದ ಉಪನಿಯಮಗಳು ತಿದ್ದುಪಡಿಯಾದ ಮುದ್ರಣಗಳಿಂದ ಮರೆಯಾಗುವುದು ಸಹಜ. ಇಲ್ಲಿ ಅವೆರಡರ ಪಾಠವೂ ತೀರ್ಪಿನಲ್ಲಿಯೇ ಉಳಿದಿದೆ. ಗ್ರಂಥಾಲಯಗಳು ಹಳೆಯ ಸೇವಾ ನಿಯಮಾವಳಿಗಳನ್ನು ನಿರುಪಯುಕ್ತವೆಂದು ಹೊರಹಾಕುವ ಮುನ್ನ ಯೋಚಿಸಬೇಕಾದ ವಿಷಯವಿದು.

1982ರಲ್ಲಿ ನಿವೃತ್ತರಾದ ಮುತ್ತಮ್ಮನವರು 2009ರಲ್ಲಿ ನಿಧನರಾದರು. ಒಂದು ಇಲಾಖೆಯ ನಿಯಮ ಅಳಿದ ಮಾತ್ರಕ್ಕೆ ಪಕ್ಕದ ಇಲಾಖೆಯ ನಿಯಮ ತಾನಾಗಿ ಅಳಿಯಲಿಲ್ಲವೆಂಬುದಕ್ಕೆ ಸೇನಾ ಶುಶ್ರೂಷಾ ಸೇವೆಯ ದಾಖಲೆ ಸಾಕ್ಷಿ. ವಿವಾಹವನ್ನು ಸೇವಾಮುಕ್ತಿಗೆ ಒಂದು ಕಾರಣವಾಗಿಸಿದ್ದ 1977ರ ಸೇನಾ ಸೂಚನೆಯು ಅಲ್ಲಿ 1995ರವರೆಗೂ ಊರ್ಜಿತದಲ್ಲಿತ್ತು. ಅದರಡಿ 1988ರಲ್ಲಿ, ಅಂದರೆ ಮುತ್ತಮ್ಮ ತೀರ್ಪು ಬಂದು ಒಂಬತ್ತು ವರ್ಷಗಳಾದ ಮೇಲೆ, ಸೇವೆ ಕಳೆದುಕೊಂಡ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 2024ರ ಫೆಬ್ರವರಿಯಲ್ಲಿ.